ಭಾನುವಾರ ಮಕ್ಕಳು ಬೇಟೆಗೆ ಹೋಗೋಕೆ ಅಮೆರಿಕದಲ್ಲಿ ಬೇರೆ ಕಾನೂನು ಯಾಕೆ ಬೇಕು?

ನಾಗರಬಾವಿ_ನೈಟ್‌ಶಿಫ್ಟ್ ಕೇಳಿದ್ದು:

ಪ್ರಶ್ನೆ ಸ್ವಲ್ಪ ವಿಚಿತ್ರವಾಗಿದೆ, ನಗಬೇಡಿ. ನಾನು ಇಲ್ಲಿ ಬೆಂಗಳೂರಲ್ಲಿ ಸಪೋರ್ಟ್ ಟೀಮ್‌ನಲ್ಲಿದ್ದೇನೆ. ಕ್ಲೈಂಟ್ ಕಡೆಯ ಮ್ಯಾನೇಜರ್ ಇರೋದು ಅಮೆರಿಕದ ಪೂರ್ವ ಕರಾವಳಿಯಲ್ಲಿ. ಮನುಷ್ಯ ಒಳ್ಳೆಯವರು, ಆದರೆ ನವೆಂಬರ್ ಬಂತು ಅಂದರೆ ಮಾಯ. 'ಡೀರ್ ಸೀಸನ್' ಅಂತ ಒಂದು ಮೆಸೇಜ್ ಹಾಕಿ ಹೊರಟುಬಿಡುತ್ತಾರೆ. ಅವರು ಒಪ್ಪಿಗೆ ಕೊಡಬೇಕಾದ ಟಿಕೆಟ್‌ಗಳೆಲ್ಲ ನಮ್ಮ ತಲೆ ಮೇಲೆ ಕೂರುತ್ತವೆ.

ಮೊನ್ನೆ ಕಾಲ್ ಶುರುವಾಗೋ ಮುಂಚೆ ಸುಮ್ನೆ ಮಾತಾಡುತ್ತಾ ಒಂದು ವಿಷಯ ಹೇಳಿದರು. ಅವರ ರಾಜ್ಯದಲ್ಲಿ ಭಾನುವಾರ ಬೇಟೆ ಆಡುವ ಹಾಗಿಲ್ಲವಂತೆ. ದೊಡ್ಡವರಿಗೆ ಬೇಡ, ಮಕ್ಕಳಿಗಾದರೂ ಭಾನುವಾರ ಬಿಡಿ ಅನ್ನೋ ಮಸೂದೆ ಬೇಕು ಅಂತ ಅವರೂ ಅವರ ಗೆಳೆಯರೂ ಶಾಸಕರಿಗೆ ಪತ್ರ ಬರೆಯುತ್ತಿದ್ದಾರಂತೆ. ಅವರ ಮಗಳಿಗೆ ಹದಿಮೂರು. ಶನಿವಾರ ಪೂರ್ತಿ ಅವಳಿಗೆ ಸಾಕರ್ ಪಂದ್ಯ. 'ಪಾಪ, ನನ್ನ ಮಗಳಿಗೆ ಭಾನುವಾರ ಒಂದೇ ಇರೋದು' ಅಂದರು.

ನಾನು 'ಓಹ್, ನೈಸ್' ಅಂದು ಸುಮ್ಮನಾದೆ. ಹದಿಮೂರು ವರ್ಷದ ಹುಡುಗಿ ಕೈಗೆ ನಾವು ಸ್ಕೂಟಿ ಕೀ ಕೂಡ ಕೊಡಲ್ಲ. ಅಲ್ಲಿ ಕೋವಿ ಕೊಡ್ತಾರೆ, ಆದರೆ ಭಾನುವಾರ ಮಾತ್ರ ಬೇಡ ಅಂತಾರೆ. ಸೋಮವಾರ ಜಿಂಕೆ ಹೊಡೆದರೆ ಸರಿ, ಭಾನುವಾರ ಹೊಡೆದರೆ ತಪ್ಪು ಅಂದ್ರೆ ಏನು ಲೆಕ್ಕ? ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ಹೇಳಿ. ಮುಂದಿನ ಸಲ ಮಾತು ಬಂದಾಗ ಪೆದ್ದನ ಹಾಗೆ ಕೂರೋದು ಬೇಡ ಅಂತ ಕೇಳ್ತಿದ್ದೇನೆ.

ಗಾಳಿಆಂಜನೇಯ_ಸ್ಟಾಪ್:

ನಮ್ಮಲ್ಲೂ ಭಾನುವಾರ ಬೇಟೆ ಇದೆ ಗುರು. ಬೆಳಗ್ಗೆ ಆರಕ್ಕೆ ಮೈಸೂರು ರಸ್ತೆಗೆ ಬಾ, ಮಟನ್ ಅಂಗಡಿ ಮುಂದೆ ಚೀಲ ಹಿಡ್ಕೊಂಡು ನಿಂತಿರೋ ಸೈನ್ಯ ತೋರಿಸ್ತೀನಿ. ಅದಕ್ಕೆ ಯಾವ ಮಸೂದೆನೂ ಬೇಕಾಗಿಲ್ಲ.

ಜಯನಗರ_ನಾಲ್ಕನೇ_ಬ್ಲಾಕ್:

ನಾನು ಪೆನ್ಸಿಲ್ವೇನಿಯಾದಲ್ಲಿ ಹಲವು ವರ್ಷ ಸಂಸಾರ ಮಾಡಿ ವಾಪಸ್ ಬಂದವಳು. ಮಗ ಅಲ್ಲೇ ಶಾಲೆಗೆ ಹೋದ. ನಮ್ಮದು ಮೊಟ್ಟೆಯನ್ನೂ ಒಳಗೆ ಬಿಡದ ಮನೆ. ಹಾಗಾಗಿ ಬೇಟೆ ಪರ ವಕಾಲತ್ತು ಹಾಕ್ತಿದ್ದೀನಿ ಅಂದುಕೊಳ್ಳಬೇಡಿ. ಆದರೆ ಈ ಜಗಳ ನಮ್ಮ ಕಣ್ಣೆದುರೇ ನಡೆಯಿತು, ಅದಕ್ಕೇ ಬರೀತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಭಾನುವಾರದ ನಿಷೇಧ ಹುಟ್ಟಿದ್ದು ಚರ್ಚಿನಿಂದ, ಅದು ನಿಜ. 'ಬ್ಲೂ ಲಾ' ಅಂತಾರೆ. ಬ್ರಿಟಿಷರ ಕಾಲದಿಂದ ಬಂದ ಕಟ್ಟಳೆಗಳು. ಭಾನುವಾರ ದುಡಿಯಬೇಡ, ಆಡಬೇಡ, ಮಾರಬೇಡ, ಚರ್ಚಿಗೆ ಹೋಗು. ಕಾಲ ಕಳೆದ ಹಾಗೆ ಒಂದೊಂದೇ ಬಿದ್ದುಹೋದವು. ಫಿಲಡೆಲ್ಫಿಯಾದಲ್ಲಿ ಭಾನುವಾರದ ಬೇಸ್‌ಬಾಲ್ ಪಂದ್ಯ ಕಾನೂನು ಪ್ರಕಾರ ಶುರುವಾಗಿದ್ದು 1934ರಲ್ಲಿ. ಭಾನುವಾರ ಕಾರು ಮಾರುವ ಹಾಗಿಲ್ಲ ಅನ್ನೋದು ಪೆನ್ಸಿಲ್ವೇನಿಯಾದಲ್ಲಿ ಈಗಲೂ ಇದೆ. ಸೇಲ್ಸ್‌ಮನ್ ಕಾಟ ಇಲ್ಲದೆ ಆರಾಮಾಗಿ ಕಾರು ನೋಡೋಕೆ ಜನ ಭಾನುವಾರವೇ ಹೋಗ್ತಾರೆ, ಆ ಮಾತು ಬೇರೆ. ಬೇಟೆಯ ನಿಷೇಧ ಒಂದೂವರೆ ಶತಮಾನದಷ್ಟು ಉಳಿಯಿತು. ಅದರಲ್ಲೂ ಒಂದು ತಮಾಷೆ ಇದೆ. ನಿಷೇಧ ಇದ್ದ ಕಾಲದಲ್ಲೂ ಭಾನುವಾರ ನರಿ, ಕಯೋಟಿ, ಕಾಗೆ ಹೊಡೆಯಬಹುದಿತ್ತು! ಜಿಂಕೆ ಹೊಡೆದರೆ ಮಾತ್ರ ದೇವರಿಗೆ ಕೋಪ ಅನ್ನೋ ಹಾಗೆ. ಚರ್ಚು ಬರೀ ನೆಪ ಅಂತ ಅಲ್ಲೇ ಗೊತ್ತಾಗಲ್ವಾ?

ಅಸಲಿ ಜಗಳ ಜಮೀನಿನದು. ಅಲ್ಲಿ ಕಾಡುಪ್ರಾಣಿ ಯಾರ ಸ್ವತ್ತೂ ಅಲ್ಲ, ಆದರೆ ಅದು ಓಡಾಡುವ ಹೊಲ, ತೋಪು ಯಾರದೋ ಆಗಿರುತ್ತೆ. ಸೀಸನ್ ಶುರುವಾದರೆ ಸೋಮವಾರದಿಂದ ಶನಿವಾರದವರೆಗೆ ಹೊಲದಂಚಿನಲ್ಲಿ ಯಾರೋ ಕಿತ್ತಳೆ ಟೋಪಿ ಹಾಕಿಕೊಂಡು ಕೂತಿರ್ತಾರೆ. ರೈತರಿಗೆ, ಕುದುರೆ ಸವಾರಿ ಮಾಡೋರಿಗೆ, ಮಕ್ಕಳನ್ನು ಕರ್ಕೊಂಡು ಕಾಡಲ್ಲಿ ನಡೆಯೋರಿಗೆ ನೆಮ್ಮದಿಯ ದಿನ ಅಂತ ಇದ್ದಿದ್ದು ಭಾನುವಾರ ಒಂದೇ. ನಾವೂ ಅದೇ ಗುಂಪಿನವರು. ಶರತ್ಕಾಲದ ಎಲೆ ಬಣ್ಣ ನೋಡೋಕೆ ನಾವು ಹೋಗ್ತಿದ್ದಿದ್ದು ಭಾನುವಾರವೇ.

ಅದಕ್ಕೇ ಅಲ್ಲಿನ ರೈತ ಸಂಘಟನೆ, ಪೆನ್ಸಿಲ್ವೇನಿಯಾ ಫಾರ್ಮ್ ಬ್ಯೂರೋ, ವರ್ಷಗಟ್ಟಲೆ ಅಡ್ಡ ನಿಂತಿತ್ತು. ಅವರು ಸರಿದದ್ದು ಧರ್ಮದ ಬಗ್ಗೆ ಮನಸ್ಸು ಬದಲಾಗಿ ಅಲ್ಲ. 2019ರ ಕಾನೂನಿನಲ್ಲಿ ಅಪ್ಪಣೆ ಇಲ್ಲದೆ ಜಮೀನಿಗೆ ನುಗ್ಗೋ ಬೇಟೆಗಾರರ ಮೇಲಿನ ಶಿಕ್ಷೆ ಬಿಗಿ ಮಾಡಿದರು. ಭಾನುವಾರ ಖಾಸಗಿ ಜಮೀನಿಗೆ ಹೋಗೋರು ಮಾಲೀಕರ ಒಪ್ಪಿಗೆ ಬರೆಸಿಕೊಂಡು ಜೇಬಲ್ಲಿಟ್ಟುಕೊಳ್ಳಬೇಕು ಅಂತ ಮಾಡಿದರು. ಅದಾದ ಮೇಲೇ ಬಾಗಿಲು ತೆರೆದಿದ್ದು, ಅದೂ ವರ್ಷಕ್ಕೆ ಮೂರು ಭಾನುವಾರ ಮಾತ್ರ. ಒಂದು ಬಿಲ್ಲು ಬಾಣದ ಸೀಸನ್‌ನಲ್ಲಿ, ಒಂದು ರೈಫಲ್ ಸೀಸನ್‌ನಲ್ಲಿ, ಮೂರನೆಯದು ಗೇಮ್ ಕಮಿಷನ್, ಅಂದರೆ ಬೇಟೆ, ವನ್ಯಜೀವಿ ನೋಡಿಕೊಳ್ಳೋ ರಾಜ್ಯದ ಸಂಸ್ಥೆ, ಆರಿಸಿದ್ದು. 2025ರ ಜುಲೈನಲ್ಲಿ ಗವರ್ನರ್ ಜೋಶ್ ಶಪೀರೋ ಇನ್ನೊಂದು ಕಾನೂನಿಗೆ ಸಹಿ ಹಾಕಿದರು. ಈಗ ಯಾವ ಭಾನುವಾರ ಬೇಟೆ ಅಂತ ಗೇಮ್ ಕಮಿಷನ್ನೇ ನಿರ್ಧಾರ ಮಾಡುತ್ತೆ.

ನಿಮ್ಮ ಮ್ಯಾನೇಜರ್ ಮೇನ್‌ನಲ್ಲೋ ಮ್ಯಾಸಚೂಸೆಟ್ಸ್‌ನಲ್ಲೋ ಇರಬೇಕು. ಪೂರ್ತಿ ನಿಷೇಧ ಉಳಿದಿರೋದು ಆ ಎರಡರಲ್ಲೇ. ಮೇನ್‌ನಲ್ಲಂತೂ ಇದು ಕೋರ್ಟಿಗೂ ಹೋಯಿತು. 2021ರಲ್ಲಿ ಆ ರಾಜ್ಯದ ಸಂವಿಧಾನಕ್ಕೆ 'ಆಹಾರದ ಹಕ್ಕು' ಸೇರಿಸಿದರು. ಅದನ್ನೇ ಹಿಡಿದುಕೊಂಡು ಒಂದು ದಂಪತಿ, ನಮ್ಮ ಊಟ ನಾವು ಬೇಟೆಯಾಡಿ ತರ್ತೀವಿ, ಭಾನುವಾರ ಬೇಡ ಅನ್ನೋಕೆ ನೀವು ಯಾರು ಅಂತ ಕೇಸು ಹಾಕಿದರು. 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ನಿಷೇಧವನ್ನೇ ಎತ್ತಿಹಿಡಿಯಿತು. ಅಲ್ಲೂ ಒಳಗಿನ ಮಾತು ಜಮೀನೇ. ಮೇನ್‌ನ ಕಾಡು ಬಹುಪಾಲು ಖಾಸಗಿ. ಬೇಡ ಅಂತ ಬೋರ್ಡ್ ಹಾಕದಿದ್ದರೆ ಯಾರು ಬೇಕಾದರೂ ಒಳಗೆ ಹೋಗಬಹುದು ಅನ್ನೋದು ರೂಢಿ. ಭಾನುವಾರನೂ ಕಿತ್ತುಕೊಂಡರೆ ಏಳೂ ದಿನ ಬೋರ್ಡ್ ಹಾಕ್ತೀವಿ ಅಂತ ಮಾಲೀಕರು ಹೆದರಿಸ್ತಾರೆ.

ಇನ್ನು ಮಕ್ಕಳು. ನಿಮ್ಮ ಮ್ಯಾನೇಜರ್ ಹೇಳಿದ್ದರಲ್ಲಿ ಅರ್ಥ ಇದೆ. ನವೆಂಬರ್ ನಡುವೆ ನಮ್ಮ ಕಡೆ ಐದು ಗಂಟೆಯೊಳಗೇ ಸೂರ್ಯ ಮುಳುಗುತ್ತಿತ್ತು. ಅದಾಗಿ ಅರ್ಧ ಗಂಟೆಗೆ ಬೇಟೆಯ ಹೊತ್ತು ಮುಗೀತು. ಶಾಲೆಯ ಬಸ್ಸು ಬಂದು, ಹುಡುಗ ಬ್ಯಾಗ್ ಬಿಸಾಕಿ, ಬಟ್ಟೆ ಬದಲಿಸಿ ಕಾಡು ಸೇರೋ ಹೊತ್ತಿಗೆ ಕತ್ತಲೆ. ಶನಿವಾರ ಫುಟ್‌ಬಾಲೋ, ಬ್ಯಾಂಡೋ, ಅಪ್ಪನ ಓವರ್‌ಟೈಮೋ ಏನೋ ಒಂದು. ದೊಡ್ಡವರು ರಜೆ ಹಾಕಬಹುದು, ಮಕ್ಕಳು ಎಲ್ಲಿಂದ ಹಾಕ್ತಾರೆ?

ಆದರೆ ಶಾಸಕರಿಗೆ ಮಕ್ಕಳ ಮೇಲೆ ಬಂದ ಈ ಪ್ರೀತಿಯ ಹಿಂದೆ ದುಡ್ಡೂ ಇದೆ. ಪೆನ್ಸಿಲ್ವೇನಿಯಾ ಗೇಮ್ ಕಮಿಷನ್‌ಗೆ ರಾಜ್ಯದ ಸಾಮಾನ್ಯ ತೆರಿಗೆಯಿಂದ ಕಾಸು ಬರಲ್ಲ. ಲೈಸೆನ್ಸ್ ಶುಲ್ಕ, ತಮ್ಮ ಜಾಗದ ಮರ ಮತ್ತು ಗ್ಯಾಸ್, ಜೊತೆಗೆ ಕೇಂದ್ರದಿಂದ ಬರೋ ಪಾಲು, ಇಷ್ಟರಲ್ಲೇ ನಡೆಯಬೇಕು. ಆ ಪಾಲು 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯದು. ರೈಫಲ್, ಮದ್ದುಗುಂಡಿನ ಮೇಲೆ ಶೇ. 11 ತೆರಿಗೆ ಹಾಕಿ ವನ್ಯಜೀವಿ ಕೆಲಸಕ್ಕೆ ಹಂಚ್ತಾರೆ. 15 ಲಕ್ಷ ಎಕರೆಗೂ ಜಾಸ್ತಿ ಜಾಗ ನೋಡಿಕೊಳ್ಳೋ ಸಂಸ್ಥೆ ಅದು. 1980ರ ದಶಕದ ಶುರುವಿನಲ್ಲಿ 13 ಲಕ್ಷದ ಹತ್ತಿರ ಇದ್ದ ಲೈಸೆನ್ಸ್ ಸಂಖ್ಯೆ ಆಮೇಲೆ 9 ಲಕ್ಷದೊಳಗೆ ಬಂತು. ಹಳಬರು ಮಂಡಿನೋವು ಅಂತ ಬಿಡ್ತಾರೆ, ಹೊಸಬರು ಬರ್ತಿಲ್ಲ. ಹನ್ನೆರಡಕ್ಕೆ ಹಿಡಿದರೆ ಉಳೀತಾರೆ, ಇಪ್ಪತ್ತಕ್ಕೆ ಹಿಡಿದರೆ ಉಳಿಯಲ್ಲ ಅನ್ನೋದು ಅವರ ನಂಬಿಕೆ. ಜೊತೆಗೆ, 'ಮಕ್ಕಳಿಗಾಗಿ' ಅಂದರೆ ಬೇಡ ಅನ್ನೋಕೆ ಯಾವ ಶಾಸಕನಿಗೂ ಬಾಯಿ ಬರಲ್ಲ. ಮೊದಲು ಮಕ್ಕಳು ಒಳಗೆ ಹೋಗ್ತಾರೆ, ಆಮೇಲೆ ಹಿಂದಿನಿಂದ ಅಪ್ಪಂದಿರು.

ಹದಿಮೂರಕ್ಕೆ ಕೋವಿ ಅಂತ ಗಾಬರಿ ಆದಿರಿ. ಪೆನ್ಸಿಲ್ವೇನಿಯಾದಲ್ಲಿ ಹನ್ನೆರಡಕ್ಕೇ ಜೂನಿಯರ್ ಲೈಸೆನ್ಸ್ ಸಿಗುತ್ತೆ, ಆದರೆ ಬೇಟೆ ಸುರಕ್ಷತೆಯ ಕೋರ್ಸ್ ಪಾಸಾಗಿರಬೇಕು. ಹನ್ನೆರಡು ಹದಿಮೂರರ ಮಕ್ಕಳ ಜೊತೆ ಮನೆಯ ದೊಡ್ಡವರು ಇರಲೇಬೇಕು. ಅದಕ್ಕಿಂತ ಚಿಕ್ಕವರೂ ಹೋಗಬಹುದು, 2006ರಲ್ಲಿ ಶುರುವಾದ ಒಂದು ಯೋಜನೆಯಲ್ಲಿ, ಒಬ್ಬ ದೊಡ್ಡವರ ಕೈಕೆಳಗೆ. ತೀರಾ ಪುಟ್ಟವರಾದರೆ ನಡೆಯುವಾಗ ಕೋವಿ ದೊಡ್ಡವರ ಕೈಯಲ್ಲೇ ಇರಬೇಕು. ರೈಫಲ್ ಸೀಸನ್‌ನಲ್ಲಿ ತಲೆ, ಎದೆ, ಬೆನ್ನಿನ ಮೇಲೆ ಎಲ್ಲ ಸೇರಿ 250 ಚದರ ಇಂಚು ಹೊಳೆಯೋ ಕಿತ್ತಳೆ ಬಣ್ಣ ಕಾಣಬೇಕು. ಜನ ಇರೋ ಮನೆಯಿಂದ 150 ಗಜದೊಳಗೆ ಗುಂಡು ಹಾರಿಸುವ ಹಾಗಿಲ್ಲ.

ನನ್ನ ಮಗನೂ ಆ ಕೋರ್ಸ್ ಮಾಡಿದ. ಗೆಳೆಯನ ಅಪ್ಪ ಬೇಟೆಗೆ ಕರೆದರು, ಇವನು ಹಟ ಹಿಡಿದ. ಕೋರ್ಸ್‌ಗೆ ಕಳಿಸಿದೆವು, ಬೇಟೆಗೆ ಕಳಿಸಲಿಲ್ಲ. ಕಾಡಂಚಲ್ಲಿ ಸೈಕಲ್ ಓಡಿಸೋ ಹುಡುಗನಿಗೆ ಆ ಪಾಠ ಹೇಗೂ ಬೇಕು ಅನ್ನಿಸ್ತು. ಊರಿನ ಅಗ್ನಿಶಾಮಕ ಠಾಣೆಯ ಹಾಲ್‌ನಲ್ಲಿ ತರಗತಿ. ನಾನು ಹಿಂದೆ ಕಬ್ಬಿಣದ ಕುರ್ಚಿಯಲ್ಲಿ ಕೂತಿದ್ದೆ. ಪಾಠ ಹೇಳ್ತಿದ್ದವರು ಒಬ್ಬ ನಿವೃತ್ತ ಅಜ್ಜ. ಎರಡು ಕುರ್ಚಿ ನಡುವೆ ಹಗ್ಗ ಕಟ್ಟಿ, ಇದೇ ಬೇಲಿ ಅಂದರು. ಇಬ್ಬರು ಮಕ್ಕಳ ಕೈಗೆ ಗುಂಡಿಲ್ಲದ ಡಮ್ಮಿ ಕೋವಿ ಕೊಟ್ಟು ದಾಟಿ ಅಂದರು. ಮೊದಲನೆಯ ಹುಡುಗ ಕೋವಿ ಹಿಡಿದುಕೊಂಡೇ ಹಗ್ಗದ ಮೇಲೆ ಕಾಲು ಹಾಕಿದ. 'ನಿಲ್ಲು. ಹಿಂದೆ ಯಾರಿದ್ದಾರೆ ನೋಡು' ಅಂದರು. ತಿರುಗಿದರೆ ನಳಿಗೆ ನೇರವಾಗಿ ಗೆಳೆಯನ ಹೊಟ್ಟೆಗೆ. ಎಲ್ಲರೂ ನಕ್ಕರು, ಅಜ್ಜ ನಗಲಿಲ್ಲ. ಗುಂಡು ತೆಗೆ, ಕೋವಿಯ ಬಾಯಿ ತೆರೆದು ಖಾಲಿ ಅಂತ ಅವನಿಗೆ ತೋರಿಸು, ಕೋವಿ ಅವನ ಕೈಗೆ ಕೊಡು, ಆಮೇಲೆ ದಾಟು. ತರಗತಿಯ ಒಬ್ಬೊಬ್ಬರ ಕೈಯಲ್ಲೂ ಇದನ್ನು ಮಾಡಿಸಿದರು. ಸರಿಯಾಗಿ ಬರೋವರೆಗೂ ಬಿಡಲಿಲ್ಲ.

ನನ್ನನ್ನು ಕೇಳಿದರೆ, ಮಕ್ಕಳಿಗೆ ಸೀಸನ್‌ನಲ್ಲಿ ಕೆಲವು ಭಾನುವಾರ ಕೊಡಲಿ. ಖಾಸಗಿ ಜಮೀನಲ್ಲಿ, ಮಾಲೀಕರ ಒಪ್ಪಿಗೆ ಚೀಟಿ ಇಟ್ಟುಕೊಂಡು. ಜೊತೆಗೆ ಬಂದ ಅಪ್ಪ ಕೋವಿ ಮುಟ್ಟಬಾರದು. ಬಾತುಕೋಳಿ ಬೇಟೆಗೆ ಮಕ್ಕಳಿಗೇ ಅಂತ ಮೀಸಲಿಟ್ಟ ದಿನಗಳಿವೆ, ಆ ದಿನ ಜೊತೆಗಿರೋ ದೊಡ್ಡವರು ಬಾತುಕೋಳಿ ಹೊಡೆಯುವ ಹಾಗಿಲ್ಲ ಅನ್ನೋ ನಿಯಮ ಆಗಲೇ ಇದೆ. ಸರ್ಕಾರಿ ಕಾಡನ್ನು ಮಾತ್ರ ಭಾನುವಾರ ನಡೆಯೋರಿಗೆ ಬಿಡಬೇಕು. ಅಲ್ಲಿನ ಬೇಟೆಗಾರರು ಇದನ್ನು ಒಪ್ಪಲ್ಲ, ಗೊತ್ತು. ಖಾಸಗಿ ಜಮೀನಿನ ಪರಿಚಯ ಇಲ್ಲದ ಬಡ ಮಕ್ಕಳಿಗೆ ಸರ್ಕಾರಿ ಕಾಡೇ ಗತಿ ಅಂತಾರೆ. ಆ ಮಾತಿಗೆ ನನ್ನ ಹತ್ತಿರ ಒಳ್ಳೆ ಉತ್ತರ ಇಲ್ಲ.

ಅಹಿಂಸೆ_ಮಲ್ಲೇಶ್ವರ:

ಇಷ್ಟೆಲ್ಲ ನಿಯಮ ಬರೆದರೂ ಕೊನೆಗೆ ಕಲಿಸೋದು ಕೊಲ್ಲೋದನ್ನೇ ಅಲ್ವಾ? ಹನ್ನೆರಡರ ಮಗು ಒಂದು ಪ್ರಾಣಿ ಒದ್ದಾಡಿ ಸಾಯೋದು ನೋಡಿದರೆ ಅದರ ಮನಸ್ಸು ಏನಾಗುತ್ತೆ ಅಂತ ಯಾರೂ ಕೇಳಲ್ಲವಾ?

ಜಯನಗರ_ನಾಲ್ಕನೇ_ಬ್ಲಾಕ್:

ಕೇಳ್ತಾರೆ ಸಾರ್. ಮಗನ ಗೆಳೆಯ ಮೊದಲ ಜಿಂಕೆ ಹೊಡೆದ ದಿನ ರಾತ್ರಿ ಊಟ ಬಿಟ್ಟು ಅತ್ತ ಅಂತ ಅವನ ಅಮ್ಮನೇ ನನ್ನ ಹತ್ತಿರ ಹೇಳಿದ್ದಳು. ಮುಂದಿನ ವರ್ಷ ಮತ್ತೆ ಹೋದ. ಇದರಿಂದ ಏನು ತಿಳೀಬೇಕೋ ನನಗೂ ಗೊತ್ತಾಗಲಿಲ್ಲ. ಆದರೆ ಅವರ ಮನೆಯಲ್ಲಿ ಆ ಮಾಂಸ ಚಳಿಗಾಲ ಪೂರ್ತಿ ಬಂತು, ಏನೂ ಬಿಸಾಕಲಿಲ್ಲ.

ಇನ್ನೊಂದು. ಅಲ್ಲಿ ತೋಳ ಇಲ್ಲ, ಪೂಮಾ ಇಲ್ಲ, ಹಿಂದೆಯೇ ಅಳಿಸಿಹಾಕಿದ್ದಾರೆ. ಜಿಂಕೆ ಮಿತಿ ಮೀರಿದರೆ ಕಾಡಲ್ಲಿ ಒಂದು ಸಸಿ ಮೇಲೆ ಏಳಲ್ಲ. ರಸ್ತೆಯಲ್ಲಿ ಕಾರಿಗೆ ಜಿಂಕೆ ಬಡಿಯೋದು ಅಲ್ಲಿ ದಿನನಿತ್ಯದ ಸುದ್ದಿ. ಬೇಟೆ ನಿಂತರೆ ಜಿಂಕೆ ಸುಖವಾಗಿರುತ್ತೆ ಅನ್ನೋದು ಅಲ್ಲಿಗೆ ಹೊಂದಲ್ಲ.

ರಾಗಿಹೊಲ_ಕನಕಪುರ:

ಮೇಡಂ, ಅವರಿಗೆ ಭಾನುವಾರ ಬೇಕೋ ಬೇಡವೋ ಅನ್ನೋ ಚಿಂತೆ. ನಮಗೆ ಏಳೂ ದಿನ ಇಲ್ಲ. ನಾನು ಪೀಣ್ಯದಲ್ಲಿ ಕೆಲಸ ಮಾಡ್ತೀನಿ, ಊರು ಕನಕಪುರದ ಕಡೆ. ರಾಗಿ ತೆನೆ ಕಟ್ಟಿದ ಮೇಲೆ ಅಪ್ಪ ರಾತ್ರಿ ಅಟ್ಟಣೆ ಮೇಲೆ ಟಾರ್ಚು, ಪಟಾಕಿ ಇಟ್ಕೊಂಡು ಕೂರ್ತಾರೆ. ಕಡಲೆಕಾಯಿ ಹಾಕೋದೇ ಬಿಟ್ವಿ, ಹಂದಿ ಒಂದೇ ರಾತ್ರಿಗೆ ಸಾಲು ಸಾಲು ಉತ್ತು ಹಾಕುತ್ತೆ. ಪರಿಹಾರಕ್ಕೆ ಅರ್ಜಿ, ಫೋಟೋ, ಪಹಣಿ. ಬರೋ ದುಡ್ಡು ಬಿತ್ತನೆ ಖರ್ಚಿಗೂ ಸಾಲಲ್ಲ.

ನಮ್ಮ ತಾತನ ಕಾಲದಲ್ಲಿ ಹೊಸತೊಡಕಿನ ದಿನ ಊರಿಗೆ ಊರೇ ಬಲೆ ಹಿಡ್ಕೊಂಡು ಮೊಲಕ್ಕೆ ಹೋಗ್ತಿದ್ರಂತೆ, ಹುಡುಗರೂ ಸೇರಿ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅದು ಅಪರಾಧ. ಈಗ ಹೊಸತೊಡಕು ಅಂದ್ರೆ ಚೀಟಿ ಹಾಕಿ ಗುಡ್ಡೆ ಬಾಡು. ಮೊಲ ಬಿಟ್ಟಿದ್ದಕ್ಕೆ ಬೇಜಾರಿಲ್ಲ. ಆದರೆ ಹಂದಿಗೂ ಹುಲಿಗೂ ಒಂದೇ ಮರ್ಯಾದೆನಾ?

ವಸಂತನಗರ_ಕೊಡಗು:

ಒಂದೇ ಮರ್ಯಾದೆ ಅಲ್ಲ ಅಣ್ಣ. ಕಾಯ್ದೆಯಲ್ಲಿ ಅವು ಬೇರೆ ಬೇರೆ ಷೆಡ್ಯೂಲ್ (ಪಟ್ಟಿ), ಶಿಕ್ಷೆಯೂ ಬೇರೆ. ಮುಖ್ಯ ವನ್ಯಜೀವಿ ಪರಿಪಾಲಕರು ಬರೆದು ಅನುಮತಿ ಕೊಟ್ಟರೆ ಬೆಳೆ ಹಾಳು ಮಾಡೋ ಹಂದಿ ಹೊಡೆಯೋಕೆ ಅದೇ ಕಾಯ್ದೆಯಲ್ಲಿ ದಾರಿ ಇದೆ. ಕೇರಳದಲ್ಲಿ 2022ರಲ್ಲಿ ಆ ಅಧಿಕಾರವನ್ನು ಪಂಚಾಯಿತಿ ಅಧ್ಯಕ್ಷರ ಮಟ್ಟಕ್ಕೆ ಇಳಿಸಿದರು. ಬೇಲಿಗೆ ಕರೆಂಟ್ ಮಾತ್ರ ಕೊಡಬೇಡಿ, ಆನೆನೂ ಸಾಯುತ್ತೆ, ಮನುಷ್ಯನೂ ಸಾಯ್ತಾನೆ.

ಮಕ್ಕಳು, ಕೋವಿ ಅಂತ ಮಾತು ಬಂತಲ್ಲ. ಭಾರತದಲ್ಲಿ ಕೋವಿ ಲೈಸೆನ್ಸ್‌ಗೆ 21 ಆಗಿರಬೇಕು. ಕೊಡವರಿಗೆ, ಜಮ್ಮಾ (ಕೊಡಗಿನ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ. 1861ರಿಂದ ನಡೆದುಬಂದಿದ್ದು, 2019ರಲ್ಲಿ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿತು. ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡ್ತೀವಿ. ಹಿಂದೆ ಅದಾದ ಮೇಲೆ ಬೇಟೆಗೆ ಹೊರಡ್ತಿದ್ದರು. ಈಗ ಮರದ ಮೇಲೆ ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯೋ ಸ್ಪರ್ಧೆ. ನಾನು ಕಲಿತಿದ್ದೂ ತೆಂಗಿನಕಾಯಿ ಮೇಲೇ. ಶಿಸ್ತು ಬರೋಕೆ ಪ್ರಾಣಿನೇ ಬೇಕು ಅಂತೇನಿಲ್ಲ.

ನಾಗರಬಾವಿ_ನೈಟ್‌ಶಿಫ್ಟ್:

ಜಯನಗರ ಮೇಡಂ, ತುಂಬಾ ಥ್ಯಾಂಕ್ಸ್. ಒಂದು ಸ್ವಾರ್ಥದ ಪ್ರಶ್ನೆ. ಭಾನುವಾರ ಬೇಟೆ ಬಿಟ್ಟರೆ ಇವರು ವಾರದ ದಿನ ರಜೆ ಹಾಕೋದು ಕಡಿಮೆ ಆಗುತ್ತಾ? ಹಾಗಿದ್ದರೆ ನಾನೂ ಮಸೂದೆ ಪರ.

ಜಯನಗರ_ನಾಲ್ಕನೇ_ಬ್ಲಾಕ್:

ಆ ಆಸೆ ಇಟ್ಕೋಬೇಡಿ. ಪೆನ್ಸಿಲ್ವೇನಿಯಾದಲ್ಲಿ ರೈಫಲ್ ಸೀಸನ್ ಶುರುವಾಗ್ತಿದ್ದಿದ್ದು ಥ್ಯಾಂಕ್ಸ್‌ಗಿವಿಂಗ್ ಆದಮೇಲಿನ ಸೋಮವಾರ. ಎಷ್ಟೋ ಶಾಲೆಗಳಿಗೆ ಅವತ್ತು ರಜೆ. ಮಕ್ಕಳಿಗೂ ಕೆಲಸದವರಿಗೂ ಅನುಕೂಲ ಆಗಲಿ ಅಂತ 2019ರಲ್ಲಿ ಅದನ್ನು ಶನಿವಾರಕ್ಕೆ ತಂದರು. ಆದರೂ ಸೋಮವಾರದ ರಜೆ ಎಷ್ಟೋ ಕಡೆ ಹಾಗೇ ಉಳೀತು.

ಕಾಲ್‌ನಲ್ಲಿ ಕಾನೂನಿನ ಮಾತು ಎತ್ತಬೇಡಿ. ಮಗಳು ಸುರಕ್ಷತೆ ಕೋರ್ಸ್ ಮುಗಿಸಿದಳಾ, ಯಾರ ಜಮೀನಲ್ಲಿ ಹೋಗ್ತೀರಿ ಅಂತ ಕೇಳಿ, ಅರ್ಧ ಗಂಟೆ ಅವರೇ ಮಾತಾಡ್ತಾರೆ. ಆಮೇಲೆ ಮೆತ್ತಗೆ, ನವೆಂಬರ್‌ನಲ್ಲಿ ಅವರ ಬದಲಿಗೆ ಒಪ್ಪಿಗೆ ಕೊಡೋರು ಯಾರು ಅಂತ ಮೇಲ್‌ನಲ್ಲಿ ಬರೆಸಿಕೊಳ್ಳಿ. ಅಕ್ಟೋಬರ್ ಮುಗಿಯೋದರೊಳಗೆ.